99.9 ತಾಮ್ರ ಅಂತ ಕಾಗದ ಅದೆ, ಗ್ಯಾಸ್ ಬೆಸುಗೆ ಪಕ್ಕದಲ್ಲೇ ಸೀಳು ಬಿಡ್ತದೆ, ಯಾಕೆ?

ಕಾಳಿದಡ (ಕಾರವಾರ)

ಎಲ್ರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಕೆಲಸ ಮಾಡೂದು, ಪ್ಯಾನಲ್ಲು ಅರ್ಥಿಂಗು ಇಂಥದ್ದು. ಹೋದ ತಿಂಗಳು ಒಂದು ಮೂರು ಮಾಳಿಗೆ ಕಟ್ಟಡಕ್ಕೆ ಅರ್ಥಿಂಗ್ ಪಟ್ಟಿ ಎಳೆದ್ವಿ, 25 ಮಿಲಿಮೀಟರ್ ಅಗಲ 6 ಮಿಲಿಮೀಟರ್ ದಪ್ಪದ ತಾಮ್ರ. ಸಮುದ್ರ ಕೂಗಳತೆ ದೂರ, ನಟ್ಟು ಬೋಲ್ಟು ಹಾಕಿದ್ರೆ ಎರಡು ಮಳೆಗಾಲಕ್ಕೆ ಹಸಿರು ಹಿಡೀತದೆ ಅಂತ ಜಾಯಿಂಟ್ ಎಲ್ಲ ಆಕ್ಸಿ-ಅಸಿಟಿಲೀನ್ ಗ್ಯಾಸಿನಲ್ಲಿ ಬ್ರೇಜಿಂಗ್ ಮಾಡಿಸ್ದೆ. ಬೆಸುಗೆ ಚೆಂದಾಗೇ ಕೂತಿತ್ತು. ಮಾರನೇ ದಿನ ಗೋಡೆ ಮೂಲೆಗೆ ಬಗ್ಗಿಸುವಾಗ ಜಾಯಿಂಟಿನಿಂದ ಒಂದು ಬೆರಳು ಆಚೆ ಪಟ್ಟಿನೇ ಸೀಳು ಬಿಡ್ತು. ಒಂದಲ್ಲ, ಏಳು ಜಾಯಿಂಟಿನಲ್ಲಿ ನಾಲ್ಕು.

ಅಂಗಡಿಯವರ ಹತ್ರ ಕೇಳಿದ್ರೆ 99.9 ಅಂತ ಸರ್ಟಿಫಿಕೇಟ್ ತೋರಿಸ್ತಾರೆ. ಪರಿಚಯದ ಬಂಗಾರದ ಅಂಗಡಿಲಿ ಗನ್ ತರದ ಮಿಷಿನ್ ಅದೆ, ಅಲ್ಲಿ ಇಟ್ಟು ನೋಡಿದ್ರೆ ಅಲ್ಲೂ 99.9 ಚಿಲ್ಲರೆ. ಹಾಗಾದ್ರೆ ತಾಮ್ರ ಚಲೋದಾ ಅಲ್ವಾ? ಬಂಗಾರಕ್ಕೆ ಒರೆಗಲ್ಲು ಇದ್ದ ಹಾಗೆ ತಾಮ್ರಕ್ಕೆ ಎಂತ ಅದೆ? ಕೆಲಸದ ಪೂರಾ ದುಡ್ಡು ಇನ್ನೂ ಬಂದಿಲ್ಲ, ಯಾರಾದ್ರೂ ಗೊತ್ತಿದ್ದವ್ರು ಹೇಳಿ.

ಮೋಟಾರ್‌ಮನೆ (ಕುಮಟಾ)

ಗುಜರಿ ಕರಗಿಸಿ ಮಾಡಿದ ಮಾಲು ಅದು ಅಣ್ಣ, ಬೇರೆ ಎಂತ ಅಲ್ಲ. ನಾನು ರಿವೈಂಡಿಂಗ್ ಮಾಡೂದು, ಪಂಪ್‌ಸೆಟ್ ಮೋಟಾರು ದಿನಕ್ಕೆ ಎರಡು ಮೂರು ಬತ್ತದೆ. ಕಮ್ಮಿ ರೇಟಿನ ವೈರ್ ತಂದ್ರೆ ಕಾಯಿಲ್ ಸುತ್ತುವಾಗಲೇ ಪಟ್ ಪಟ್ ಅಂತ ತುಂಡಾಗ್ತದೆ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ವೈರನ್ನೂ ತಾಮ್ರ ಅಂತ ದಾಟಿಸ್ತಾರೆ, ಅದು ಅರ ಹಾಕಿ ಉಜ್ಜಿದ್ರೆ ಬಿಳಿ ಕಾಣ್ತದೆ, ಸಿಕ್ಕಿಬೀಳ್ತದೆ. ಇದು ಉಜ್ಜಿದ್ರೂ ಕೆಂಪೇ, ಆದ್ರೂ ಮುರೀತದೆ ಅಂದ್ರೆ ಒಳಗೆ ಎಂತದೋ ಬೆರಕೆ ಗ್ಯಾರಂಟಿ. ಮಾಲು ವಾಪಸ್ ಮಾಡಿ.

ತದಡಿಬೋಟು

ನಂಗೆ ಹಾಗೆ ಅನ್ಸೂದಿಲ್ಲ. ನಾನು ಫ್ರಿಜ್ಜು ಏಸಿ ಕೆಲಸದಲ್ಲಿ 18 ವರ್ಷ, ಬೋಟಿನ ಕೋಲ್ಡ್ ಬಾಕ್ಸ್ ಕೂಡ ಮಾಡ್ತೆ, ದಿನಾ ತಾಮ್ರದ ಪೈಪು ಗ್ಯಾಸಿನಲ್ಲಿ ಬೆಸೀತೆ, ಒಂದು ಪೈಪೂ ಈ ತರ ಪಕ್ಕದಲ್ಲಿ ಸೀಳಿಲ್ಲ. ಬೆಸೆದವ್ನು ಜಾಸ್ತಿ ಕಾಯ್ಸಿ ಹಾಳು ಮಾಡಿರ್ತಾನೆ. ತಾಮ್ರ ತಾಮ್ರನೇ.

ಲ್ಯಾಬ್‌ಕೋಟು (ಶಿರಸಿ)

ಮಾರಿದವರಿಗೂ ಬೆಸೆದವರಿಗೂ ಬೈಯೋಕೆ ಮೊದ್ಲು ಒಂದು ಎರಡು ವಿಷಯ ಕೇಳ್ತೇನೆ. ಮುರಿದ ಜಾಗದ ಮುಖ ಹೇಗಿದೆ? ರೇಷ್ಮೆ ನೂಲಿನ ಹಾಗೆ ಎಳೆ ಎಳೆಯಾಗಿ ಗುಲಾಬಿ ಬಣ್ಣ ಇದೆಯಾ, ಇಲ್ಲಾ ಇಟ್ಟಿಗೆ ಮುರಿದ ಹಾಗೆ ಮಂಕು ಕೆಂಪು, ಹರಳು ಹರಳು? ಮತ್ತೆ ಬೆಸೆಯುವಾಗ ಜ್ವಾಲೆಯಲ್ಲಿ ಅಸಿಟಿಲೀನ್ ಜಾಸ್ತಿ ಬಿಟ್ಟಿದ್ರಾ, ಅಂದ್ರೆ ಒಳಗಿನ ಬಿಳಿ ಮೊನೆ ಸುತ್ತ ಗರಿ ತರ ಉದ್ದ ಇತ್ತಾ?

ನಾನು ಲೋಹ ಪರೀಕ್ಷೆ ಮಾಡೋ ಲ್ಯಾಬಿನಲ್ಲಿ 27 ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತವ, ಈಗ ಶಿರಸಿ ಹತ್ರ ತೋಟ ನೋಡ್ಕೊಂಡಿದ್ದೇನೆ. ಈ 99.9 ಅನ್ನೋ ಅಂಕಿ ಮೇಲೆ ಜನ ಇಡೋ ನಂಬಿಕೆ ನೋಡಿದ್ರೆ ನಂಗೆ ಬೇಜಾರಾಗ್ತದೆ. ತಾಮ್ರ ಕೆಲಸಕ್ಕೆ ಬರ್ತದೋ ಇಲ್ವೋ ಅನ್ನೋದನ್ನ ಹೇಳೋದು ಉಳಿದ ಆ 0.1, ಅದು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿ ಕೂತಿದೆ ಅನ್ನೋದು. ಅದನ್ನ ಕಣ್ಣಿಗೆ ತೋರಿಸೋದು ಸೂಕ್ಷ್ಮದರ್ಶಕ ಮಾತ್ರ.

ಬಂಗಾರದ ಅಂಗಡಿಯ ಗನ್ ಎಕ್ಸ್‌ಆರ್‌ಎಫ್ ಯಂತ್ರ. ಎಕ್ಸ್-ರೇ ಹಾಯಿಸಿ ಯಾವ ಧಾತು ಎಷ್ಟಿದೆ ಅಂತ ಹೇಳ್ತದೆ. ಆದ್ರೆ ಅದಕ್ಕೆ ಆಮ್ಲಜನಕ ಕಾಣೋದೇ ಇಲ್ಲ, ಅಷ್ಟು ಹಗುರ ಧಾತುವಿನಿಂದ ಬರೋ ಎಕ್ಸ್-ರೇ ಯಂತ್ರ ಮುಟ್ಟೋ ಮೊದ್ಲೇ ಗಾಳಿಯಲ್ಲಿ ಹೀರಿಹೋಗ್ತದೆ. ವೈರಿಗೆ, ಪಟ್ಟಿಗೆ, ಪ್ಯಾನಲ್ಲಿನೊಳಗೆ ಕರೆಂಟು ಹೊರೋ ಬಸ್‌ಬಾರಿಗೆ ಬರೋ ಮಾಮೂಲಿ ತಾಮ್ರ ಇದೆಯಲ್ಲ, ಇಟಿಪಿ ಅಂತಾರೆ, ಎಲೆಕ್ಟ್ರೋಲಿಟಿಕ್ ಟಫ್ ಪಿಚ್, ಅದರಲ್ಲಿ ಸುಮಾರು 0.02ರಿಂದ 0.04 ಶೇಕಡಾ ಆಮ್ಲಜನಕ ಬೇಕಂತಲೇ ಬಿಟ್ಟಿರ್ತಾರೆ. ಅದು ಗಾಳಿಯಾಗಿ ಇರೋದಿಲ್ಲ, ಕ್ಯುಪ್ರಸ್ ಆಕ್ಸೈಡ್ ಚುಕ್ಕೆಗಳಾಗಿ ತಾಮ್ರದ ನಡುವೆ ಚದುರಿಕೊಂಡಿರ್ತದೆ. 0.04 ಆಮ್ಲಜನಕ ಅಂದ್ರೆ ಆಕ್ಸೈಡ್ ತೂಕದಲ್ಲಿ 0.36 ಶೇಕಡಾ ಆಯ್ತು, ಒಂಬತ್ತು ಪಟ್ಟು. ಇದು ಬೆರಕೆ ಅಲ್ಲ, ಇದರಿಂದ ಉಪಯೋಗ ಇದೆ, ಕಬ್ಬಿಣ ಗಿಬ್ಬಿಣ ಚೂರುಪಾರು ಇದ್ರೆ ಆಮ್ಲಜನಕ ಅದನ್ನ ಹಿಡಿದು ಆಕ್ಸೈಡ್ ಮಾಡಿ ಬದಿಗೆ ಕೂರಿಸ್ತದೆ, ಕರೆಂಟು ಹರಿಯೋಕೆ ಅಡ್ಡಿ ಕಮ್ಮಿ ಆಗ್ತದೆ.

ತೊಂದ್ರೆ ಬರೋದು ಬೆಂಕಿ ಹತ್ರ. ಅಸಿಟಿಲೀನ್ ಜಾಸ್ತಿ ಇರೋ ಜ್ವಾಲೆಯಲ್ಲಿ ಹೈಡ್ರೋಜನ್ ಇರ್ತದೆ. ತಾಮ್ರ ಕೆಂಪಗೆ ಕಾದಾಗ ಹೈಡ್ರೋಜನ್ ಪರಮಾಣು ಅದರ ಮೈಯೊಳಗೆ ಸಲೀಸಾಗಿ ನುಗ್ಗಿ ಹೋಗಿ ಆಕ್ಸೈಡ್ ಚುಕ್ಕೆ ಸಿಕ್ಕಿದ ಕೂಡ್ಲೆ ಅದರ ಆಮ್ಲಜನಕ ಕಿತ್ತು ನೀರಾವಿ ಆಗ್ತದೆ. ಒಳಗೆ ಹೋದ ದಾರಿಯಲ್ಲಿ ಹೊರಗೆ ಬರೋಕೆ ಆವಿಗೆ ಆಗೋದಿಲ್ಲ, ಅದರ ಅಣು ದೊಡ್ಡದು. ತಾಮ್ರ ಅಂದ್ರೆ ಸಣ್ಣ ಸಣ್ಣ ಹರಳು ಒತ್ತಿಕೊಂಡು ಕೂತಿದ್ದು, ಒಂದೊಂದು ಹರಳಿಗೆ ಗ್ರೇನ್ ಅಂತಾರೆ. ಒಳಗೇ ಒತ್ತಡ ಏರಿ ಗ್ರೇನ್ ಗ್ರೇನ್ ನಡುವಿನ ಗಡಿಯನ್ನ ಬಿಚ್ಚಿಬಿಡ್ತದೆ. ಅಘನಾಶಿನಿ ಕಡೆಯವರು ಗಜನಿ ಗದ್ದೆ ನೋಡಿರ್ತೀರಿ, ಉಪ್ಪುನೀರು ತಡೆಯೋಕೆ ಕಟ್ಟೆ ಕಟ್ಟಿದ್ದು, ಗದ್ದೆ ಎಷ್ಟು ಚೆಂದ ಇದ್ರೂ ಕಟ್ಟೆ ಒಡೆದ್ರೆ ಮುಗೀತು. ತಾಮ್ರದ ಒಂದೊಂದು ಗ್ರೇನೂ ಒಂದೊಂದು ಗದ್ದೆ, ಇಲ್ಲಿ ಹೋಗಿದ್ದು ಕಟ್ಟೆ.

ತದಡಿಯವರೇ, ನೀವು ಹೇಳಿದ್ದೂ ನಿಜವೇ. ಏಸಿ ಪೈಪು ಬೇರೆ ತಾಮ್ರ, ಅದು ಡಿಹೆಚ್‌ಪಿ. ಕರಗಿಸುವಾಗಲೇ ರಂಜಕ ಹಾಕಿ ಆಮ್ಲಜನಕ ಪೂರ್ತಿ ತೆಗೆದಿರ್ತಾರೆ, ಆಮೇಲೂ 0.015ರಿಂದ 0.04 ಶೇಕಡಾ ರಂಜಕ ಉಳಿದಿರ್ತದೆ. ಆಕ್ಸೈಡೇ ಇಲ್ಲ, ಆವಿ ಎಲ್ಲಿಂದ ಬರಬೇಕು? ಆದ್ರೆ ಆ ರಂಜಕ ಕರೆಂಟಿಗೆ ಅಡ್ಡ ಬರ್ತದೆ, ಮಾದರಿ ತಾಮ್ರದ ವಾಹಕತೆ 100 ಅಂತ ಇಟ್ಕೊಂಡ್ರೆ ಇದರದ್ದು 85ರ ಆಸುಪಾಸಿಗೆ ಇಳೀತದೆ. ಪೈಪಿಗೆ ಒಳ್ಳೇದು, ಬಸ್‌ಬಾರಿಗೆ ಅಲ್ಲ.

ಕಾಳಿದಡ

ಸರ್, ನೀವು ಎದುರಿಗೆ ನಿಂತು ನೋಡಿದ ಹಾಗೇ ಹೇಳಿದ್ರಿ. ಮುರಿದ ಮುಖ ಮಂಕು ಕೆಂಪು, ಪುಡಿ ಪುಡಿ ತರ, ಉಗುರಲ್ಲಿ ಕೆರೆದ್ರೆ ಕಾಳು ಉದುರ್ತದೆ. ಜ್ವಾಲೆ ಬಗ್ಗೆ ಬೆಸೆದವರ ಹತ್ರ ಈಗಷ್ಟೇ ಫೋನ್ ಮಾಡಿ ಕೇಳ್ದೆ, ಗ್ಯಾಸ್ ಸ್ವಲ್ಪ ಜಾಸ್ತಿ ಇಟ್ಟೇ ಮಾಡೂದು, ಇಲ್ದಿದ್ರೆ ತಾಮ್ರ ಕಪ್ಪಾಗ್ತದೆ ಅಂದ್ರು. ದಪ್ಪ ಪಟ್ಟಿ ಅಂತ ಹತ್ತು ನಿಮಿಷದ ಮೇಲೇ ಕಾಯಿಸಿದ್ರಂತೆ. ಆದ್ರೆ ಸರ್, ಕಟ್ಟಡದ ಎಂಜಿನಿಯರ್ ಬಾಯಿಮಾತು ಒಪ್ಪೂದಿಲ್ಲ, ಏನಾದ್ರೂ ಕಣ್ಣಿಗೆ ಕಾಣೂ ಹಾಗೆ ತೋರಿಸ್ಬೇಕು.

ಐದನೇಸೆಮ್

ನಮಸ್ತೆ, ನಾನು ಕಾರವಾರದಲ್ಲೇ ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಾ ಇದ್ದೇನೆ. ನಮ್ಮ ಲ್ಯಾಬಲ್ಲಿ ಮೆಟಲರ್ಜಿಕಲ್ ಮೈಕ್ರೋಸ್ಕೋಪ್ ಇದೆ, 100 ಮತ್ತೆ 400 ಪಟ್ಟು, ಬೆಳಕಿನ ಕಂಪನವನ್ನ ಒಂದೇ ದಿಕ್ಕಿಗೆ ಸೋಸೋ ಗಾಜು, ಪೋಲರೈಸರೂ ಡಬ್ಬದಲ್ಲಿ ಹಾಗೇ ಇದೆ, ಯಾರೂ ಬಳಸಿಲ್ಲ. ನಾವು ಸ್ಟೀಲು, ಬೀಡುಕಬ್ಬಿಣ ಬಿಟ್ರೆ ತಾಮ್ರ ನೋಡಿಲ್ಲ. ಸರ್ ಹೇಳಿಕೊಟ್ರೆ ಮಾಡ್ತೇನೆ, ಸ್ಯಾಂಪಲ್ ಕೊಡಿ ಅಣ್ಣ, ನಾನೇ ಬಂದು ತಗೊಂಡು ಹೋಗ್ತೇನೆ.

ಲ್ಯಾಬ್‌ಕೋಟು (ಶಿರಸಿ)

ಬಹಳ ಸಂತೋಷ ತಮ್ಮಾ. ಹಾಗಾದ್ರೆ ವಿವರವಾಗಿ ಹೇಳ್ತೇನೆ, ತಾಮ್ರ ಮೆತ್ತಗಿನ ಲೋಹ, ಸ್ಟೀಲಿನ ಹಾಗೆ ಉಜ್ಜಿದ್ರೆ ಸುಳ್ಳು ಚಿತ್ರ ಕೊಡ್ತದೆ.

ಮೂರು ತುಂಡು ಬೇಕು. ಸೀಳಿನ ಪಕ್ಕದ್ದು ಒಂದು, ಜಾಯಿಂಟಿನಿಂದ ಒಂದು ಮೊಳ ದೂರದ್ದು ಒಂದು, ಬೆಂಕಿಯನ್ನೇ ಕಾಣದ ಹೊಸ ಪಟ್ಟಿಯದ್ದು ಒಂದು. ಹೋಲಿಕೆ ಇಲ್ದೇ ಒಂದೇ ಫೋಟೋ ನೋಡಿ ತೀರ್ಪು ಕೊಡೋದು ನಮ್ಮ ಕಸುಬಿನಲ್ಲಿ ದೊಡ್ಡ ತಪ್ಪು. ಕೈಗರಗಸದಲ್ಲಿ ನೀರು ಬಿಡ್ತಾ ನಿಧಾನ ಕೊಯ್ಯಿ, ಗ್ರೈಂಡರ್ ಹಚ್ಚಬೇಡ, ಬಿಸಿಯಾಗಿ ಮೇಲ್ಪದರ ಬದಲಾಗ್ತದೆ. ಪಟ್ಟಿ ರೋಲಿಂಗ್ ಆದ ಉದ್ದಕ್ಕೇ ಕೊಯ್ಯಬೇಕು, ಅಡ್ಡ ಕೊಯ್ದ್ರೆ ಆಕ್ಸೈಡ್ ಬರೀ ಚುಕ್ಕೆ ಕಾಣ್ತದೆ, ಉದ್ದಕ್ಕೆ ಕೊಯ್ದ್ರೆ ಸಾಲು ಕಾಣ್ತದೆ. ಪಿವಿಸಿ ಪೈಪಿನ ಬಳೆಯಲ್ಲಿ ತುಂಡು ನಿಲ್ಲಿಸಿ ಎಪಾಕ್ಸಿ ಹೊಯ್ದು ಒಂದು ರಾತ್ರಿ ಬಿಡು.

ಆಮೇಲೆ ನೀರು ಹಾಕಿ ಉಜ್ಜೋ ಮರಳುಕಾಗದ 220, 400, 600, 1000, ಕಾಗದ ಬದಲಿಸಿದಾಗಲೆಲ್ಲ 90 ಡಿಗ್ರಿ ತಿರುಗಿಸು, ಹಿಂದಿನ ಗೆರೆ ಪೂರ್ತಿ ಹೋಗೋ ತನಕ ಮುಂದಿನದಕ್ಕೆ ಹೋಗಬೇಡ, ಕೈ ಹಗುರ ಇರಲಿ, ಒತ್ತಿದ್ರೆ ಮರಳಿನ ಕಣ ತಾಮ್ರದೊಳಗೇ ಹೂತುಹೋಗ್ತದೆ. ಕೊನೆಗೆ ಬಟ್ಟೆ ಮೇಲೆ 1 ಮೈಕ್ರಾನ್ ಡೈಮಂಡ್ ಪೇಸ್ಟ್. ಮೊದಲ ಫೋಟೋ ಎಚ್ಚಿಂಗ್, ಅಂದ್ರೆ ದ್ರಾವಣದಲ್ಲಿ ಮೇಲ್ಮೈ ಸ್ವಲ್ಪ ತಿನ್ನಿಸೋದು, ಮಾಡೋದಕ್ಕೆ ಮುಂಚೆಯೇ ತೆಗೀಬೇಕು, ಆಕ್ಸೈಡ್ ಸರಿಯಾಗಿ ಕಾಣೋದು ಆವಾಗ. ಗ್ರೇನ್ ನೋಡೋಕೆ ಆಮೇಲೆ ಅಮೋನಿಯಾ ದ್ರಾವಣ, ನೀರು, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಸಮ ಸಮ. ಬೇಕಾದಾಗಲೇ ಬೆರೆಸು, ಪೆರಾಕ್ಸೈಡ್ ನಿಂತಷ್ಟೂ ಸತ್ವ ಕಳ್ಕೊಳ್ತದೆ. ಕಿಟಕಿ ತೆಗೆದಿಟ್ಟು, ಗ್ಲೌಸು ಕನ್ನಡಕ ಹಾಕ್ಕೊಂಡೇ ಮಾಡು. ಹತ್ತಿಯಲ್ಲಿ ಕೆಲವು ಸೆಕೆಂಡು ಒರೆಸಿದ್ರೆ ಸಾಕು.

ತದಡಿಬೋಟು

ಅಮೋನಿಯಾ ಬೇಕಾದ್ರೆ ಐಸ್ ಪ್ಲಾಂಟಲ್ಲಿ ಪರಿಚಯ ಅದೆ, ಕೊಡಿಸ್ತೆ. ಅಂದಹಾಗೆ ಐಸ್ ಪ್ಲಾಂಟಲ್ಲಿ ಎಲ್ಲೂ ತಾಮ್ರದ ಪೈಪು ಹಾಕೂದಿಲ್ಲ, ಪೂರಾ ಕಬ್ಬಿಣ. ಹಿರಿಯರು ಅಮೋನಿಯಾ ತಾಮ್ರ ತಿಂತದೆ ಅಂತ ಹೇಳ್ತಿದ್ರು.

ಲ್ಯಾಬ್‌ಕೋಟು (ಶಿರಸಿ)

ಬೇಡ ಬೇಡ, ಐಸ್ ಪ್ಲಾಂಟಿನದು ಒತ್ತಡದಲ್ಲಿರೋ ಶುದ್ಧ ಅನಿಲ, ಅದನ್ನ ಮುಟ್ಟಲೇಬೇಡಿ, ಕಣ್ಣು ಶ್ವಾಸಕೋಶ ಹೋಗ್ತದೆ. ಲ್ಯಾಬಿಗೆ ಬೇಕಾಗಿದ್ದು ಬಾಟ್ಲಿಯ ಅಮೋನಿಯಾ ದ್ರಾವಣ. ಆದ್ರೆ ಹಿರಿಯರ ಮಾತು ನಿಜ, ಅಮೋನಿಯಾ ತಾಮ್ರ ತಿನ್ನೋದ್ರಿಂದಲೇ ನಮಗೆ ಗ್ರೇನ್ ಕಾಣೋದು. ಒಂದೊಂದು ಗ್ರೇನಿನ ಪರಮಾಣು ಸಾಲು ಒಂದೊಂದು ದಿಕ್ಕಿಗೆ, ಹಾಗಾಗಿ ಒಂದೊಂದನ್ನ ಒಂದೊಂದು ಆಳಕ್ಕೆ ತಿಂತದೆ, ಬೆಳಕು ಬಿದ್ದಾಗ ಒಂದು ಹೊಳೀತದೆ ಪಕ್ಕದ್ದು ಕಪ್ಪಾಗ್ತದೆ.

ಬಚ್ಚಲಹಂಡೆ (ಶಿರಸಿ ಹತ್ರ)

ಓದ್ತಾ ಓದ್ತಾ ನಮ್ಮನೆ ಹಂಡೆ ನೆನಪಾಯ್ತು. ಅತ್ತೆಯವರ ಕಾಲದ ತಾಮ್ರದ ಹಂಡೆ, ದಿನಾ ಕಟ್ಟಿಗೆ ಬೆಂಕಿ, ಐವತ್ತು ವರ್ಷ ಮೇಲಾಯ್ತು ಎಂತ ಆಗಿಲ್ಲ. ನಾಲ್ಕು ವರ್ಷದ ಹಿಂದೆ ತಗೊಂಡ ಹೊಸ ಹಂಡೆ ಬುಡದಲ್ಲಿ ಸೂಜಿ ಚುಚ್ಚಿದ ಹಾಗೆ ಸೋರ್ತಾ ಇದ್ದು. ಅಣ್ಣ, ಹಳೇ ತಾಮ್ರ ಒಳ್ಳೇದು ಹೊಸದು ಕೆಟ್ಟದ್ದು ಅಂತನಾ? ಹಂಡೆ ಕೊಯ್ಯದೇ ನೋಡೂಕೆ ಬರ್ತದಾ?

ಐದನೇಸೆಮ್

ಮೂರೂ ತುಂಡು ಆಯ್ತು ಸರ್, ಆದ್ರೆ ಎಲ್ಲದರಲ್ಲೂ ಕಪ್ಪು ತೂತು ತುಂಬಿದೆ, ಹೊಸ ಪಟ್ಟಿಯದ್ರಲ್ಲೂ! ಪ್ರತಿ ತೂತಿಗೂ ಒಂದೇ ದಿಕ್ಕಿಗೆ ಬಾಲ ಇದೆ, ಧೂಮಕೇತು ತರ. ಅಂದ್ರೆ ಮಾಲೇ ಪೂರಾ ಸೀಳಿದೆಯಾ? ಅಣ್ಣಂಗೆ ಹೇಳ್ಬಿಡ್ಲಾ?

ಮೋಟಾರ್‌ಮನೆ (ಕುಮಟಾ)

ನೋಡಿ, ನಾನು ಮೊದ್ಲೇ ಹೇಳಿದ್ದೆ.

ಲ್ಯಾಬ್‌ಕೋಟು (ಶಿರಸಿ)

ಹೇಳ್ಬೇಡ, ನಿಲ್ಲು. ಆ ಬಾಲ ತಾಮ್ರದ್ದಲ್ಲ, ಪಾಲಿಷ್‌ನದ್ದು. ಬಟ್ಟೆ ಮೇಲೆ ಒಂದೇ ದಿಕ್ಕಿಗೆ ಹಿಡಿದಿದ್ದೀ, ಗಟ್ಟಿ ಆಕ್ಸೈಡ್ ಸುತ್ತಲಿನ ಮೆತ್ತಗಿನ ತಾಮ್ರ ಸವೆದು ಬಾಲ ಬಂದಿದೆ, ಕೆಲವು ಕಡೆ ಆಕ್ಸೈಡ್ ಕಿತ್ತು ಬಂದು ಗುಳಿ ಬಿದ್ದಿದೆ. ಅದನ್ನ ರಂಧ್ರ ಅಂತ ಓದಿದ್ರೆ ಯಾರದೋ ಒಳ್ಳೇ ಮಾಲಿಗೆ ಅನ್ಯಾಯ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇದೇ ತಪ್ಪಿಂದ ಒಂದು ಪೂರ್ತಿ ಲಾಟು ವಾಪಸ್ ಹೋಗೋದ್ರಲ್ಲಿತ್ತು, ಹಿರಿಯರೊಬ್ರು ಮತ್ತೊಮ್ಮೆ ಉಜ್ಜಿಸಿದ್ರು, ಗುಳಿ ಎಲ್ಲ ಮಾಯ. ಆವತ್ತಿಂದ ಎರಡು ಸಲ ಪಾಲಿಷ್ ಮಾಡದೇ ನಾನು ಒಂದು ರಿಪೋರ್ಟಿಗೂ ಸಹಿ ಹಾಕಿಲ್ಲ.

600ರಿಂದ ಮತ್ತೆ ಶುರು ಮಾಡು. ಬಟ್ಟೆ ಮೇಲೆ ತುಂಡನ್ನ ಚಕ್ರದ ಎದುರು ದಿಕ್ಕಿಗೆ ಸುತ್ತಿಸ್ತಾ ಹಿಡಿ. ತೊಳೆದ ಮೇಲೆ ಸ್ಪಿರಿಟ್ ಹಾಕಿ ಬಿಸಿಗಾಳಿಯಲ್ಲಿ ಒಣಗಿಸು, ಈ ಆಷಾಢದ ತೇವಕ್ಕೆ ಕಾರವಾರದಲ್ಲಿ ತಾಮ್ರ ನೋಡ್ತಾ ನೋಡ್ತಾ ಕಂದು ತಿರುಗ್ತದೆ, ಫೋಟೋ ಕೂಡ್ಲೆ ತೆಗಿ.

ತೋಟಪಟ್ಟಿ (ಸಿದ್ದಾಪುರ)

ನಡುವೆ ಬಂದು ಒಂದು ಪ್ರಶ್ನೆ. ನಾವು ಕೊಳೆರೋಗಕ್ಕೆ ಬೋರ್ಡೊ ಹೊಡೀತೇವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಸುಣ್ಣ ಸಾಲ್ತಾ ನೋಡೂಕೆ ಕಬ್ಬಿಣದ ಚಾಕು ಅದ್ದಿದ್ರೆ ಕೆಂಪು ತಾಮ್ರ ಕೂರ್ತದೆ. ಹಾಗೆ ಕೂತ ತಾಮ್ರ ಶುದ್ಧನಾ? ಪೇಟೆಯ ತಾಮ್ರ ಶುದ್ಧ ಮಾಡೂದೂ ಹೀಗೇನಾ?

ಲ್ಯಾಬ್‌ಕೋಟು (ಶಿರಸಿ)

ಚಾಕಿನ ಮೇಲಿನದು ಬರೀ ಪುಡಿ, ಅದನ್ನ ಶುದ್ಧ ಅನ್ನೋಕಾಗೋದಿಲ್ಲ. ಆದ್ರೆ ಪ್ರಶ್ನೆ ಸರಿಯಾದ ಜಾಗಕ್ಕೇ ಬಂತು. ರಿಫೈನರಿ ತೊಟ್ಟಿಯಲ್ಲಿ ಇರೋದೂ ನಿಮ್ಮ ಡ್ರಮ್ಮಿನ ನೀಲಿ ನೀರೇ, ಮೈಲುತುತ್ತದ ದ್ರಾವಣಕ್ಕೆ ಗಂಧಕಾಮ್ಲ ಸೇರಿಸಿ 60 ಡಿಗ್ರಿ ಆಸುಪಾಸು ಬಿಸಿ ಇಟ್ಟಿರ್ತಾರೆ. ಒಂದು ಕಡೆ 99.5ರ ಹತ್ತಿರದ ಒರಟು ತಾಮ್ರದ ಹಲಗೆ, ಇನ್ನೊಂದು ಕಡೆ ತೆಳು ತಗಡು, ನಡುವೆ ಕರೆಂಟು. ತಾಮ್ರ ಕರಗಿ ಹೋಗಿ ತಗಡಿನ ಮೇಲೆ 99.99 ಆಗಿ ಕೂರ್ತದೆ, ಅದು ಕ್ಯಾಥೋಡ್, ಬೆಳ್ಳಿ ಬಂಗಾರ ಸೆಲೆನಿಯಂ ಬುಡದಲ್ಲಿ ಕೆಸರಾಗಿ ನಿಲ್ತದೆ. 1865ರಲ್ಲಿ ಇಂಗ್ಲೆಂಡಿನ ಜೇಮ್ಸ್ ಎಲ್ಕಿಂಗ್ಟನ್ ಇದಕ್ಕೆ ಪೇಟೆಂಟ್ ತಗೊಂಡಿದ್ದು. ಕ್ಯಾಥೋಡ್ ಅಡ್ಡ ಕೊಯ್ದು ನೋಡಿದ್ರೆ ಗ್ರೇನು ಅಡಿಕೆ ಮರದ ಹಾಗೆ ಉದ್ದುದ್ದ ನಿಂತಿರ್ತದೆ, ಗಂಟು ಗಂಟಾಗಿ ಬೆಳೆದಿದ್ರೆ ಸಂದಿಯಲ್ಲಿ ದ್ರಾವಣ ಸಿಕ್ಕಿಹಾಕ್ಕೊಂಡು ಗಂಧಕ ಒಳಗೆ ಉಳೀತದೆ.

ಕ್ಯಾಥೋಡನ್ನ ಹಾಗೇ ಪಟ್ಟಿ ಮಾಡೋಕಾಗೋದಿಲ್ಲ, ಕರಗಿಸಿ ಎರಕ ಹೊಯ್ಯಬೇಕು, ಆವಾಗ ಗಾಳಿಯಿಂದ ಆಮ್ಲಜನಕ ಸೇರೋದು. ಹಿಂದೆ ಭಟ್ಟಿಯಲ್ಲಿ ಕರಗಿದ ತಾಮ್ರದೊಳಗೆ ಹಸಿ ಮರದ ದಿಮ್ಮಿ ನುಗ್ಗಿಸ್ತಿದ್ರು, ಹಸಿ ಕಟ್ಟಿಗೆಯ ಅನಿಲ ಆಮ್ಲಜನಕ ಎಳ್ಕೊಳ್ತದೆ. ಎಷ್ಟು ಹೊತ್ತು ನುಗ್ಗಿಸಬೇಕು ಅನ್ನೋದೇ ಇಡೀ ವಿದ್ಯೆ. ನೀವು ಆಲೆಮನೆಯಲ್ಲಿ ಪಾಕ ನೋಡ್ತೀರಲ್ಲ, ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ, ಹದ ಬಂತಾ ಇಲ್ವಾ ಅಂತ. ಅವರೂ ಒಂದು ಸೌಟು ತೆಗೆದು ಗಟ್ಟಿಯಾದ ಮೇಲೆ ಮುರಿದು ನೋಡ್ತಿದ್ರು. ದಿಮ್ಮಿ ಸಾಲದೇ ಹೋದ್ರೆ ಮೇಲ್ಮೈ ಕುಸೀತದೆ, ಮುರಿದ ಮುಖ ಇಟ್ಟಿಗೆ ಬಣ್ಣ. ಹದಕ್ಕೆ ಬಂದ್ರೆ ಮೇಲ್ಮೈ ಸಮತಟ್ಟು, ಮುಖ ರೇಷ್ಮೆ. ಹದ ಮೀರಿದ್ರೆ ಹೈಡ್ರೋಜನ್ ತುಂಬಿಕೊಂಡು ಆರುವಾಗ ಉಬ್ಬಿ ಒಳಗೆಲ್ಲ ಗಾಳಿಗುಳ್ಳೆ. ಟಫ್ ಪಿಚ್ ಅನ್ನೋ ಹೆಸರನ್ನ ಕನ್ನಡದಲ್ಲಿ ಹೇಳೋದಾದ್ರೆ ನಾನು ಹದದ ತಾಮ್ರ ಅಂತಲೇ ಹೇಳ್ತೇನೆ.

ಆ ಹದ ಸೂಕ್ಷ್ಮದರ್ಶಕದಲ್ಲಿ ಅಂಕಿಯಾಗಿ ಸಿಗ್ತದೆ, ಅದು ನಂಗೆ ಇವತ್ತಿಗೂ ಆಶ್ಚರ್ಯ. ಶುದ್ಧ ತಾಮ್ರ ಗಟ್ಟಿಯಾಗೋದು 1084 ಡಿಗ್ರಿಗೆ. ಆಮ್ಲಜನಕ ಇದ್ರೆ ಮೊದ್ಲು ಶುದ್ಧ ತಾಮ್ರ ಮರದ ಕೊಂಬೆ ಕೊಂಬೆಯಾಗಿ ಗಟ್ಟಿಯಾಗ್ತಾ ಹೋಗ್ತದೆ, ಕೊನೆಗೆ ಸಂದಿಯಲ್ಲಿ ಉಳಿದ ದ್ರವ 1066 ಡಿಗ್ರಿ ಹತ್ರ ತಾಮ್ರ ಮತ್ತು ಆಕ್ಸೈಡಿನ ಸಣ್ಣ ಚುಕ್ಕೆ ಮಿಶ್ರಣವಾಗಿ ಗಟ್ಟಿಯಾಗ್ತದೆ. ಆ ಕೊನೆಯ ದ್ರವದಲ್ಲಿ ಆಮ್ಲಜನಕ ಯಾವಾಗಲೂ 0.39 ಶೇಕಡಾ. ಹಾಗಾಗಿ ಎರಕದ ತುಂಡಲ್ಲಿ ಚುಕ್ಕೆ ಚುಕ್ಕೆ ಇರೋ ಜಾಗ ಒಟ್ಟು ಜಾಗದಲ್ಲಿ ಹತ್ತರಲ್ಲಿ ಒಂದು ಭಾಗ ಅಂದ್ರೆ ಆಮ್ಲಜನಕ ಸುಮಾರು 0.04 ಅಂತ ಲೆಕ್ಕ. ಎಲ್ಲ ಕಡೆ ಬರೀ ಚುಕ್ಕೆಯೇ ಆದ್ರೆ 0.39. ಅದಕ್ಕೂ ಮೀರಿದ್ರೆ ಆಕ್ಸೈಡೇ ಮೊದ್ಲು ಕೊಂಬೆ ಕಟ್ಟಿಕೊಂಡು ನಿಂತಿರ್ತದೆ, ಆ ತಾಮ್ರ ಸುತ್ತಿಗೆ ಪೆಟ್ಟು ತಡೆಯೋದಿಲ್ಲ. ಆದ್ರೆ ಇದು ಎರಕಕ್ಕೆ ಮಾತ್ರ. ರೋಲಿಂಗ್ ಆದ ಪಟ್ಟಿಯಲ್ಲಿ ಆ ಜಾಲ ಹರಿದು ಚುಕ್ಕೆಗಳು ಮಾಲೆಯಾಗಿ ಸಾಲುಗಟ್ಟಿರ್ತವೆ, ಅಲ್ಲಿ ಈ ಲೆಕ್ಕ ಹಾಕೋಕೆ ಹೋಗಬಾರದು.

ಐದನೇಸೆಮ್

ಸರ್ ಬಂತು!! ನಿನ್ನೆ ಕರೆಂಟ್ ಹೋಗಿ ಸಂಜೆ ತನಕ ಕಾದು ಮತ್ತೆ ಮಾಡ್ದೆ. ಈಗ ಬಾಲ ಇಲ್ಲ, ಕನ್ನಡಿ ಹಾಗಿದೆ.

ಹೊಸ ಪಟ್ಟಿ: ಎಚ್ಚಿಂಗ್ ಮುಂಚೆ 400 ಪಟ್ಟು ದೊಡ್ಡದು ಮಾಡಿ ನೋಡಿದ್ರೆ ಬೂದು-ನೀಲಿ ಸಣ್ಣ ಸಣ್ಣ ಚುಕ್ಕೆ, ಪಟ್ಟಿಯ ಉದ್ದಕ್ಕೆ ಮಾಲೆ ಮಾಲೆಯಾಗಿ. ಪೋಲರೈಸರ್ ಅಡ್ಡ ತಿರುಗಿಸಿದ್ರೆ ತಾಮ್ರ ಎಲ್ಲ ಕತ್ತಲೆ, ಆ ಚುಕ್ಕೆ ಮಾತ್ರ ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಹೊಳೀತದೆ. ನಮ್ಮ ಲ್ಯಾಬಿನ ಮೇಷ್ಟ್ರನ್ನೂ ಕರೆದು ತೋರಿಸ್ದೆ, ಅವರೂ ಮೊದಲ ಸಲ ನೋಡಿದ್ದಂತೆ. ಒಂದು ಮೊಳ ದೂರದ್ದು ಸಹ ಹೆಚ್ಚುಕಮ್ಮಿ ಹೀಗೇ.

ಸೀಳಿನ ಪಕ್ಕದ್ದು ಪೂರ್ತಿ ಬೇರೆ. ಹೊರ ಅಂಚಿಂದ ಒಳಗೆ ಹೋಗ್ತಾ ಕೆಂಪು ಚುಕ್ಕೆ ಇಲ್ಲವೇ ಇಲ್ಲ, ಅದರ ಜಾಗದಲ್ಲಿ ಕಪ್ಪು ಗುಳಿ. ಎಚ್ಚಿಂಗ್ ಮಾಡಿದ ಮೇಲೆ ನೋಡಿದ್ರೆ ಗ್ರೇನು ತುಂಬಾ ದೊಡ್ಡದಾಗಿದೆ, ಗಡಿಗುಂಟ ಕಪ್ಪು ಗೆರೆ ಬಿಟ್ಕೊಂಡಿದೆ, ಕೆಲವು ಗ್ರೇನು ಸುತ್ತಲೂ ಬಿಟ್ಟು ಒಂಟಿಯಾಗಿ ಕೂತ ಹಾಗಿದೆ. ಪಟ್ಟಿಯ ನಡು ದಪ್ಪಕ್ಕೆ ಹೋದ್ರೆ ಮತ್ತೆ ಕೆಂಪು ಚುಕ್ಕೆ ಸಿಗ್ತದೆ. ಇನ್ನೊಂದು, ಗ್ರೇನ್ ಒಳಗೆ ಜೋಡಿ ಜೋಡಿ ನೇರ ಗೆರೆ ಇದೆ, ಸ್ಕೇಲ್ ಇಟ್ಟು ಎಳೆದ ಹಾಗೆ, ಅದೂ ಸೀಳಾ ಸರ್?

ಲ್ಯಾಬ್‌ಕೋಟು (ಶಿರಸಿ)

ಸೀಳಲ್ಲ, ಅದು ಟ್ವಿನ್, ಅವಳಿ ಗೆರೆ. ತಟ್ಟಿದ ಅಥವಾ ರೋಲ್ ಮಾಡಿದ ತಾಮ್ರ ಕಾದು ಹೊಸ ಗ್ರೇನ್ ಹುಟ್ಟಿದಾಗ ಬರೋದು, ತಾಮ್ರದ ಸಹಜ ಗುರುತು.

ಉಳಿದದ್ದೆಲ್ಲ ನೀನೇ ಹೇಳಿಬಿಟ್ಟೆ ತಮ್ಮಾ. ಕೆಂಪು ಹೊಳೆದಿದ್ದು ಕ್ಯುಪ್ರಸ್ ಆಕ್ಸೈಡೇ, ಸಲ್ಫೈಡೂ ಮಾಮೂಲಿ ಬೆಳಕಲ್ಲಿ ಬೂದೇ ಕಾಣ್ತದೆ ಆದ್ರೆ ಹೀಗೆ ಮಾಣಿಕ್ಯದ ಕೆಂಪು ಕೊಡೋದಿಲ್ಲ. ಮಾಲೆ ಸಣ್ಣದು, ಎಲ್ಲ ಕಡೆ ಒಂದೇ ಸಮ, ಅಂದ್ರೆ ಹೊಸ ಪಟ್ಟಿ ಮಾಮೂಲಿ ಇಟಿಪಿ. ಜ್ವಾಲೆ ತಾಗಿದ ಕಡೆ ಹೊರಗಿಂದ ಒಳಗೆ ಆಕ್ಸೈಡ್ ಮಾಯವಾಗಿ ಗುಳಿ ಮತ್ತು ಗಡಿಸೀಳು, ನಡುವಿಗೆ ಹೈಡ್ರೋಜನ್ ಇನ್ನೂ ಮುಟ್ಟಿರಲಿಲ್ಲ. ಎಂಜಿನಿಯರರ ಮುಂದೆ ಮೂರು ಫೋಟೋ ಅಕ್ಕಪಕ್ಕ ಇಡಿ.

ಲ್ಯಾಬುಗಳಲ್ಲಿ ಇದನ್ನೇ ಪರೀಕ್ಷೆಯಾಗಿ ಬೇಕಂತ ಮಾಡ್ತಾರೆ, ತುಂಡನ್ನ ಹೈಡ್ರೋಜನ್ ಇರೋ ಕುಲುಮೆಯಲ್ಲಿ 850 ಡಿಗ್ರಿಗೆ ಅರ್ಧ ಗಂಟೆ ಇಟ್ಟು ಆಮೇಲೆ ಗಡಿ ಬಿಟ್ಟಿದೆಯಾ ನೋಡೋದು. ಆಮ್ಲಜನಕ ಇಲ್ಲದ ತಾಮ್ರವೋ ಅಲ್ವೋ ಅಂತ ಅದರಲ್ಲಿ ಖಚಿತ ಆಗ್ತದೆ.

ಮೋಟಾರ್‌ಮನೆ (ಕುಮಟಾ)

ಅಂದ್ರೆ ಅಂಗಡಿಯವ್ರದ್ದು ತಪ್ಪೇ ಇಲ್ಲ ಅಂತನಾ ಸರ್? ನಂಗೆ ಒಪ್ಪೂದು ಕಷ್ಟ ಆಗ್ತದೆ. ನನ್ನ ವೈರ್ ತುಂಡಾಗೂದು ಬೆಂಕಿ ತಾಗದೇನೇ.

ಲ್ಯಾಬ್‌ಕೋಟು (ಶಿರಸಿ)

ಈ ಪಟ್ಟಿಯ ಮಟ್ಟಿಗೆ ಅವರದ್ದು ಮೋಸ ಇಲ್ಲ. ಬೆಸೆಯೋಕಾ ಬೋಲ್ಟಿಗಾ ಅಂತ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ, ಅಷ್ಟೇ. ನಿಮ್ಮ ವೈರಿನ ಕಥೆ ಬೇರೆ. ತುಂಡಾದ ತುದಿ ಭೂತಗನ್ನಡಿಯಲ್ಲಿ ನೋಡಿ, ಒಂದು ತುದಿ ಬಟ್ಟಲು ಇನ್ನೊಂದು ತುದಿ ಗೋಪುರ ತರ ಇದ್ರೆ ಎಳೆಯುವಾಗ ನಡುವೆ ಮೊದ್ಲೇ ಒಡೆದಿತ್ತು, ದೊಡ್ಡ ಆಕ್ಸೈಡ್ ಮುದ್ದೆಯೋ ಕುಲುಮೆ ಇಟ್ಟಿಗೆ ಚೂರೋ ಸಿಕ್ಕಿರಬಹುದು, ಉದ್ದ ಕೊಯ್ದು ನೋಡಿದ್ರೆ ಕಾಣ್ತದೆ. ಗುಜರಿಯಿಂದ ಸೀಸ ಬಂದಿದ್ರೆ ಅದು ತಾಮ್ರದಲ್ಲಿ ಕರಗೋದಿಲ್ಲ, ಗುಂಡು ಗುಂಡಾಗಿ ಬೇರೆ ಕೂತಿರ್ತದೆ, ಅದೂ ಕಾಣ್ತದೆ.

ಆದ್ರೆ ಸೂಕ್ಷ್ಮದರ್ಶಕ ಎಲ್ಲ ಹೇಳ್ತದೆ ಅಂತ ನಾನು ಯಾವತ್ತೂ ಹೇಳೋದಿಲ್ಲ. ಬಿಸ್ಮತ್ ಅಂತ ಒಂದಿದೆ, ಒಂದು ಶೇಕಡಾದ ಸಾವಿರದಲ್ಲಿ ಕೆಲವೇ ಪಾಲು ಇದ್ರೂ ಗ್ರೇನ್ ಗಡಿಗೆ ಪೊರೆ ಕಟ್ಟಿ ತಾಮ್ರವನ್ನ ಗಾಜಿನ ಹಾಗೆ ಮಾಡ್ತದೆ, ಪೊರೆ ಎಷ್ಟೋ ಸಲ ಕಾಣದಷ್ಟು ತೆಳು. ಅದಕ್ಕೇ ಎ ದರ್ಜೆಯ ಕ್ಯಾಥೋಡಲ್ಲಿ ಬಿಸ್ಮತ್ 2 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 2 ಪಾಲು, ಸೀಸ 5 ಪಿಪಿಎಂ ದಾಟಬಾರದು ಅಂತ ನಿಯಮ ಇರೋದು. ರಂಜಕ, ಆರ್ಸೆನಿಕ್ ತಾಮ್ರದೊಳಗೇ ಕರಗಿಹೋಗ್ತವೆ, ಚಿತ್ರ ಸ್ವಚ್ಛ ಕಾಣ್ತದೆ, ಕರೆಂಟು ಮಾತ್ರ ಸರಿಯಾಗಿ ಹರಿಯೋದಿಲ್ಲ. ಅವಕ್ಕೆ ವಾಹಕತೆ ಅಳೀಬೇಕು, 1913ರಲ್ಲಿ ಗೊತ್ತು ಮಾಡಿದ ಐಎಸಿಎಸ್ ಅಳತೆಗೆ, ಅಂದ್ರೆ ಮಾದರಿ ತಾಮ್ರದ ವಾಹಕತೆ 100 ಅಂತ ಇಟ್ಟ ಅಳತೆಗೆ, ಹೋಲಿಸಿ ಎಷ್ಟು ಬಂತು ಅಂತ. ಚಿತ್ರ, ವಾಹಕತೆ, ರಾಸಾಯನಿಕ ಪರೀಕ್ಷೆ, ಮೂರೂ ಸೇರಿದ್ರೇ ಪೂರ್ತಿ ಜಾತಕ.

ಅಕ್ಕ, ನಿಮ್ಮ ಹಂಡೆ ಮರೆತಿಲ್ಲ. ಹಳೇದೆಲ್ಲ ಒಳ್ಳೇದು ಅಂತಿಲ್ಲ, ನಿಮ್ಮತ್ತೆಯವರ ಹಂಡೆ ಬಹುಶಃ ದಪ್ಪ ತಗಡಿನದು. ಕಂಚುಗಾರರು ತಟ್ಟಿದಾಗ ಗ್ರೇನ್ ಚಪ್ಪಟೆಯಾಗಿ ಬಿಗೀತದೆ, ಮತ್ತೆ ಕೆಂಪಗೆ ಕಾಯಿಸಿದ್ರೆ ಹೊಸ ಗ್ರೇನ್ ಹುಟ್ಟಿ ಮೆತ್ತಗಾಗ್ತದೆ, ತಟ್ಟು ಕಾಯಿಸು ತಟ್ಟು ಕಾಯಿಸು. ಹೊಸದ್ರ ಬುಡದ ತೂತು ನೀರು ಕೊರೆದಿದ್ದೋ ತಗಡಿನ ಒಳಗಿನ ದೋಷವೋ ನೋಡದೇ ಹೇಳೋಕಾಗೋದಿಲ್ಲ. ಕೊಯ್ಯೋದು ಬೇಡ. ತೂತಿನ ಪಕ್ಕ ಒಂದು ರೂಪಾಯಿ ಅಗಲ ಜಾಗ ಕೈಯಲ್ಲೇ ಪಾಲಿಷ್ ಮಾಡಿ ಎಚ್ಚಿಂಗ್ ಮಾಡಿ, ಅಸಿಟೇಟ್ ಹಾಳೆ ದ್ರಾವಕದಲ್ಲಿ ಮೆತ್ತಗೆ ಮಾಡಿ ಒತ್ತಿದ್ರೆ ಗ್ರೇನಿನ ಅಚ್ಚು ಹಾಳೆಗೆ ಬರ್ತದೆ, ಆ ಹಾಳೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ದೊಡ್ಡ ಕಾರ್ಖಾನೆಗಳ ಉಗಿ ಪೈಪನ್ನ ಹೀಗೇ ನೋಡೋದು. ನನ್ನ ಹತ್ರ ಹಾಳೆ ಇದೆ, ಮಳೆ ಸ್ವಲ್ಪ ಹೊಳವಾದ ಮೇಲೆ ಬರ್ತೇನೆ.

ಬಚ್ಚಲಹಂಡೆ (ಶಿರಸಿ ಹತ್ರ)

ಬನ್ನಿ ಅಣ್ಣ, ಹಂಡೆ ತೊಳೆದು ಕವುಚಿ ಇಟ್ಟಿರ್ತೇನೆ. ಹಳೇ ಹಂಡೆಯದ್ದೂ ಒಂದು ಅಚ್ಚು ತೆಗೀರಿ, ಎರಡೂ ಪಕ್ಕದಲ್ಲಿಟ್ಟು ನೋಡ್ಬೇಕು ನಂಗೆ.

ಕಾಳಿದಡ

ಎಂಜಿನಿಯರಿಗೆ ಇವತ್ತು ಮೂರೂ ಫೋಟೋ ತೋರಿಸ್ದೆ. ಸುಮಾರು ಹೊತ್ತು ನೋಡಿದ್ರು, ಕೆಂಪು ಚುಕ್ಕೆ ಇರೂದು ಇಲ್ದೇ ಇರೂದು ನೋಡಿದ ಮೇಲೆ ಮತ್ತೆ ಮಾಲಿನ ಬಗ್ಗೆ ಮಾತೇ ಬರ್ಲಿಲ್ಲ. ಏಳೂ ಜಾಯಿಂಟ್ ಕೊಯ್ದು ತೆಗೀಬೇಕು ಅಂದ್ರು, ಸೀಳದೇ ಇರೂ ಮೂರೂ ಸೇರಿ. ಸರ್, ಹೊಸ ಜಾಯಿಂಟ್ ಹೇಗೆ ಮಾಡ್ಲಿ? ಮುಂದಿನ ಆರ್ಡರಲ್ಲಿ ಎಂತ ಬರೀಲಿ?

ಲ್ಯಾಬ್‌ಕೋಟು (ಶಿರಸಿ)

ಇದೇ ಪಟ್ಟಿ ಇಟ್ಕೊಂಡು ಎಕ್ಸೋಥರ್ಮಿಕ್ ವೆಲ್ಡ್ ಮಾಡಿಸಿ, ಗ್ರಾಫೈಟ್ ಅಚ್ಚಿನಲ್ಲಿ ತಾಮ್ರದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿ ಹೊತ್ತಿಸೋದು, ಗ್ಯಾಸಿನ ಜ್ವಾಲೆಯೇ ಇಲ್ಲ, ಕೆಲವೇ ಸೆಕೆಂಡಿನ ಕೆಲಸ. ಅಚ್ಚು ಪುಡಿ ಎರಡೂ ಒಣಗಿರಬೇಕು, ಮಳೆಗಾಲದಲ್ಲಿ ಅಚ್ಚನ್ನ ಬಿಸಿ ಮಾಡಿಯೇ ಬಳಸಿ, ತೇವ ಇದ್ರೆ ಸಿಡೀತದೆ. ಮುಂದೆ ಗ್ಯಾಸಲ್ಲೇ ಬೆಸೆಯೋ ಕೆಲಸ ಇದ್ರೆ ಆರ್ಡರಲ್ಲಿ 99.9 ಅಂತ ಮಾತ್ರ ಬರೀಬೇಡಿ, ಆಮ್ಲಜನಕರಹಿತ ತಾಮ್ರ, ಆಮ್ಲಜನಕ 10 ಪಿಪಿಎಂ ಒಳಗೆ, ಹೈಡ್ರೋಜನ್ ಪರೀಕ್ಷೆ ಪಾಸಾಗಿರಬೇಕು ಅಂತ ಬರೀರಿ. ರೇಟು ಜಾಸ್ತಿ ಆಗ್ತದೆ. ಮಾಲು ಬಂದ ದಿನ ಒಂದು ಚೂರು ಕೊಯ್ದು ಅಸಿಟಿಲೀನ್ ಜಾಸ್ತಿ ಇರೋ ಜ್ವಾಲೆಯಲ್ಲಿ ಹತ್ತು ನಿಮಿಷ ಕೆಂಪಗೆ ಕಾಯಿಸಿ, ಆರಿದ ಮೇಲೆ ಆಚೆ ಈಚೆ ಬಗ್ಗಿಸಿ ನೋಡಿ, ಇದೇ ಹಳೇ ಪಟ್ಟಿಯ ಚೂರನ್ನೂ ಪಕ್ಕದಲ್ಲಿ ಹಾಗೇ ಮಾಡಿ.

ಕಾಳಿದಡ

ಹಳೇ ಪಟ್ಟಿ ಒಂದು ಅಡಿ ಇದಕ್ಕೇ ಅಂತ ತೆಗೆದಿಟ್ಟೆ ಸರ್. ಇನ್ನೂ ಒಂದು ಚೂರು ಹುಡುಗನ ಹತ್ರ ಕಾಲೇಜಿಗೆ ಕೊಟ್ಟು ಬಂದೆ, ಅವರ ಮೇಷ್ಟ್ರು ಮುಂದಿನ ಬ್ಯಾಚಿಗೆ ತೋರಿಸೂಕೆ ಬೇಕು ಅಂದ್ರಂತೆ.